ತಗಡಿನ ಆ ಕಡೆಯ ಪಿಚ್ಚರ್

ಮಾನಮ್ಮನ ಖೋಲಿಯ ಮೂರು ಗೋಡೆ ಅವಳವು. ನಾಲ್ಕನೆಯದು ಮೋಹನದಾಸರ ವಿಡಿಯೊ ಹಾಲಿನದು. ಗೋಡೆ ಅನ್ನುವುದು ಮಾತಿಗೆ. ಇದ್ದದ್ದು ತಗಡು. ಆ ಕಡೆ ಪಿಚ್ಚರ್ ನಡೆಯುತ್ತಿತ್ತು, ಈ ಕಡೆ ಮಾನಮ್ಮ ರೊಟ್ಟಿ ಬಡಿಯುತ್ತಿದ್ದಳು. ಜೀವಮಾನದಲ್ಲಿ ಒಂದೂ ಪಿಚ್ಚರ್ ನೋಡಿದವಳಲ್ಲ ಅವಳು. ಕೇಳಿದ್ದಕ್ಕೆ ಮಾತ್ರ ಲೆಕ್ಕವಿರಲಿಲ್ಲ. ಹೀರೊ ಕಪ್ಪಗಿದ್ದಾನೋ ಕೆಂಪಗಿದ್ದಾನೋ ಗೊತ್ತಿಲ್ಲ, ಅವನು ಕೊಡುವ ಏಟಿನ ಸದ್ದು ಗೊತ್ತು. ಅವನ ತಾಯಿಯ ಮುಖ ಗೊತ್ತಿಲ್ಲ, ಅಳುವ ರಾಗ ಗೊತ್ತು.

ನವಿ ಮುಂಬಯಿಯ ಐರೋಲಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಬೆನ್ನಿಗೆ ಒಂದು ಏಳುತ್ತಿದ್ದ ವರ್ಷಗಳವು. ಗುಲಬರ್ಗಾ, ರಾಯಚೂರು, ವಿಜಾಪುರದ ಕಡೆಯಿಂದ ಬಂದ ಜನ ಗುಡ್ಡದ ಬುಡದಲ್ಲಿ ತಗಡು ನಿಲ್ಲಿಸಿಕೊಂಡು ಬದುಕುತ್ತಿದ್ದರು. ಗಂಡಸರಿಗೆ ಎಮ್‌ಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮುಗಳಲ್ಲಿ ಹಮಾಲಿ. ಹೆಂಗಸರಿಗೆ ಕಟ್ಟಡಗಳಲ್ಲಿ ಉಸುಕು, ಇಟ್ಟಿಗೆ ಹೊರುವ ಕೆಲಸ. ಮಾನಮ್ಮನ ನೆತ್ತಿಯ ಮೇಲೆ ಬುಟ್ಟಿ ಕೂರುವಷ್ಟು ಜಾಗದಲ್ಲಿ ಕೂದಲಿರಲಿಲ್ಲ. ಸಿಮೆಂಟು ತಿಂದು ಬೆರಳ ಸಂದಿಗಳು ಬಿರಿದಿದ್ದವು. ಹಿಟ್ಟು ನಾದುವಾಗ ಉರಿಯುತ್ತಿತ್ತು. ಉರಿಯುತ್ತದೆ ಎಂದು ಯಾರಿಗೆ ಹೇಳುವುದು? ಎಲ್ಲರ ಕೈಯೂ ಹಾಗೇ ಇತ್ತು.

ಮೋಹನದಾಸ ಉಡುಪಿ ಕಡೆಯವರು. ರಸ್ತೆಗೆ ಮುಖ ಮಾಡಿ ಅವರ ಹೋಟೆಲು, ಹೋಟೆಲಿನ ಬೆನ್ನಿಗೆ ವಿಡಿಯೊ ಹಾಲು. ಒಂದು ದೊಡ್ಡ ಟಿ.ವಿ., ಒಂದು ವಿಸಿಡಿ ಪ್ಲೇಯರು, ಹಲಗೆಯ ಬೆಂಚುಗಳು, ತಿರುಗಿದರೂ ಗಾಳಿ ಬಾರದ ಫ್ಯಾನು. ಕನ್ನಡ ಪಿಚ್ಚರ್ ಹಾಕುತ್ತಿದ್ದುದರಿಂದ ಗುಡ್ಡದ ಗಂಡಸರಿಗೆ ಅದು ತವರುಮನೆ. ಹೆಂಗಸರು ಬರಬಾರದೆಂದು ಬೋರ್ಡೇನೂ ಹಾಕಿರಲಿಲ್ಲ. ಬೋರ್ಡಿನ ಅಗತ್ಯ ಯಾರಿಗಿತ್ತು?

ಹೆಂಗಸರಿಗೂ ಆ ಹಾಲಿಗೂ ಇದ್ದ ಸಂಬಂಧ ಬೇರೆ. ಗುಡ್ಡದವರಿಗೆಲ್ಲ ಇದ್ದದ್ದು ಒಂದೇ ಸಂಡಾಸು. ಅದಕ್ಕೆ ಹೋಗುವ ದಾರಿ ಹಾಲಿನ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಇಂಟರ್ವಲ್ ಆದಾಗ, ಶೋ ಬಿಟ್ಟಾಗ ಗಂಡಸರು ದಾರಿಯ ತುಂಬ ನಿಲ್ಲುವರು. ಬೀಡಿ ಹಚ್ಚುವರು. ತಗಡಿಗೇ ಮುಖ ಮಾಡಿ ಉಚ್ಚೆ ಹೊಯ್ಯುವರು. ಡಬ್ಬಿ ಹಿಡಿದು ಬಂದ ಹೆಂಗಸನ್ನು ಮೇಲಿಂದ ಕೆಳಗೆ ನೋಡುವರು. ಅದಕ್ಕೇ ಹೆಂಗಸರು ಪಿಚ್ಚರ್ ನಡೆಯುವಾಗ ಮಾತ್ರ ಹೋಗಿಬರುತ್ತಿದ್ದರು. ಯಾವಾಗ ಹೊರಡಬೇಕೆಂದು ಹೇಳುವ ಕೆಲಸ, ಮನೆಯಲ್ಲಿದ್ದಾಗ, ಮಾನಮ್ಮನದು. ತಗಡಿಗೆ ಕಿವಿಗೊಟ್ಟು, "ಫೈಟಿಂಗ್ ಸುರುವಾತು, ನಡೀರಿ" ಎಂದು ಕೂಗುವಳು. ಫೈಟಿಂಗಿನ ನಡುವೆ ಯಾವ ಗಂಡಸೂ ಎದ್ದು ಬರುವುದಿಲ್ಲ. ಹಾಡನ್ನು ನಂಬುವಂತಿರಲಿಲ್ಲ. ಹಾಡಿಗೆ ಬೀಡಿ ಸೇದಲು ಏಳುತ್ತಾರೆ.

ಪಕ್ಕದ ಖೋಲಿಯ ವಿಧವೆ ಸಾಬವ್ವ ಇದಕ್ಕೆ ನಗುತ್ತಿದ್ದಳು. "ನಮ್ಮ ಹೊಟ್ಟಿ ಬೂಬನ ಕೈಯಾಗ ಅದ ನೋಡವಾ. ಅಂವ ಫೈಟಿಂಗ್ ಹಚ್ಚಿದ್ರ ನಮಗ ಬಿಡುಗಡಿ." ಬೂಬ ಹಾಲಿನಲ್ಲಿ ಡಿಸ್ಕ್ ಹಾಕುವವನು. ಮೋಹನದಾಸರ ಊರಿನವನೇ, ತಲೆ ಅರ್ಧ ನರೆತವನು. ನಗುವ ಮಾತೇನಲ್ಲ ಅದು. ಆದರೂ ನಗುತ್ತಲೇ ಹೋಗಿಬರುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಬೂಬ ಊರಿನಿಂದ ಒಂದು ಹಳೆಯ ಪಿಚ್ಚರ್ ತಂದ. ಟೀಚರಮ್ಮನ ಕತೆ. ಹಳ್ಳಿಗೆ ಬಂದ ಟೀಚರಮ್ಮ ಗೌಡನ ಮಗನಿಗೆ ಎದುರು ಮಾತಾಡುತ್ತಾಳೆ. ಅವನು ಹೊಂಚು ಹಾಕುತ್ತಾನೆ. ಒಂದು ದಿನ ಶಾಲೆಯ ಬಾಗಿಲು ಹಾಕುತ್ತಾನೆ. "ಬಿಡೋ, ಬಿಡೋ ನನ್ನ" ಎಂದು ಅವಳು ಚೀರುತ್ತಾಳೆ. ಅಷ್ಟಕ್ಕೆ ಹಾಲಿನಲ್ಲಿ ಸಿಳ್ಳೆ ಏಳುತ್ತಿತ್ತು. ತಗಡು ನಡುಗುವಂಥ ಸಿಳ್ಳೆ. "ಒನ್ಸ್ ಮೋರ್!" ಬೂಬ ರಿಮೋಟು ಒತ್ತಿ ಹಿಂದಕ್ಕೆ ತರುವನು. ಅವಳು ಮತ್ತೆ ಚೀರುವಳು. ಮತ್ತೆ "ಒನ್ಸ್ ಮೋರ್". ಹೀರೊನ ಹಾಡಿಗಿಂತ ಅವಳ ಚೀರಾಟಕ್ಕೇ ಬೇಡಿಕೆ. ಆಮೇಲೆ ಬೆಂಚು ಸರಿಯುವ ಸದ್ದು, ಚಪ್ಪಲಿಯ ಸದ್ದು, ಪಿಚ್ಚರ್ ಮುಗಿಯಿತು. ಭಾನುವಾರ ಬಂದರೆ ಅದೇ. ಗಂಡಸರಿಗೆ ಸಾಕೆನಿಸಲೇ ಇಲ್ಲ.

ಮಾನಮ್ಮನಿಗೆ ಒಂದು ಮಾತ್ರ ತಿಳಿಯುತ್ತಿರಲಿಲ್ಲ. ಟೀಚರಮ್ಮ ಆಮೇಲೆ ಏನಾದಳು? ಚೀರಿದ ಮೇಲೆ ಅವಳ ದನಿಯೇ ಕೇಳುವುದಿಲ್ಲವಲ್ಲ. ಸತ್ತಳೋ, ಊರು ಬಿಟ್ಟಳೋ, ಬಾಯಿ ಮುಚ್ಚಿಕೊಂಡು ಮರುದಿನ ಶಾಲೆಗೆ ಬಂದಳೋ? ಬಿಲ್ಡಿಂಗಿನಲ್ಲಿ ಕೆಲಸ ಮಾಡಿಸುವ ಮುಕಾದಮ ಬುಟ್ಟಿ ಎತ್ತಿಸುವ ನೆಪದಲ್ಲಿ ಮೈಮೇಲೆ ಬಿದ್ದಾಗ ಅವಳಿಗೆ ಟೀಚರಮ್ಮನ ನೆನಪಾಗುತ್ತಿತ್ತು. ಮಾನಮ್ಮ ಚೀರುತ್ತಿರಲಿಲ್ಲ. ಚೀರಿದರೆ ನಾಳೆ ಕೆಲಸ ಇರುವುದಿಲ್ಲ. ಬುಟ್ಟಿ ಹೊತ್ತು ಮೆಟ್ಟಿಲು ಹತ್ತುವಳು.

ಒಂದು ಭಾನುವಾರ ಆ ಸಿಳ್ಳೆಗಳ ನಡುವೆ ಒಂದು ಸಿಳ್ಳೆಯ ಗುರುತು ಸಿಕ್ಕಿತು. ಎರಡು ಬೆರಳು ಬಾಯಿಗಿಟ್ಟು, ಮೊದಲು ಮೋಟು, ಆಮೇಲೆ ಉದ್ದ. ಗೋದಾಮಿನಲ್ಲಿ ಟೆಂಪೊ ಹಿಂದಕ್ಕೆ ಬರುವಾಗ ಹೊಡೆಯುವ ಸಿಳ್ಳೆ ಅದು. ಅವಳ ಗಂಡ ಚಂದ್ರಾಮನದು. ಮದುವೆಯಾದ ಹೊಸದರಲ್ಲಿ ಕಲ್ಯಾಣ ಸ್ಟೇಷನ್ನಿನ ಗದ್ದಲದಲ್ಲಿ ಅವಳು ಕಳೆದುಹೋದಾಗ ಅದೇ ಸಿಳ್ಳೆ ಹೊಡೆದು ಅವಳನ್ನು ಕರೆದಿದ್ದ. ಆವತ್ತು ಆ ಸದ್ದು ಕೇಳಿ ಅವಳಿಗೆ ಹೋದ ಜೀವ ಬಂದಿತ್ತು. ಇವತ್ತು ಹಂಚಿನ ಮೇಲೆ ರೊಟ್ಟಿ ಸೀದುಹೋಯಿತು.

ಅವನು ಮನೆಗೆ ಬಂದ ಮೇಲೆ ಕೇಳಿದಳು.

"ಆಕಿ ಚೀರ್ಲಾಕತ್ತಾಗ ನೀನೂ ಸೀಟಿ ಹೊಡದಿ ಅಲ್ಲ?"

"ಎಲ್ಲಾರೂ ಹೊಡೀತಾರ. ಪಿಚ್ಚರ್ ಅದ ಅದು. ಖರೇ ಏನು?"

"ನನಗ ಖರೇನೇ ಕೇಳಸ್ತದ."

"ಮತ್ತ ಕಿವಿ ಮುಚ್ಚಿಕೊಂಡು ಕುಂಡ್ರು," ಎಂದು ತಾಟು ಎಳೆದುಕೊಂಡ.

ಚಂದ್ರಾಮ ಕೆಟ್ಟವನಲ್ಲ. ಕೈ ಎತ್ತುವವನಲ್ಲ, ಕುಡಿದು ಬೀಳುವವನಲ್ಲ. ಮೂಟೆ ಹೊತ್ತು ಹೊತ್ತು ಅವನ ಒಂದು ಭುಜ ಇನ್ನೊಂದಕ್ಕಿಂತ ಕೆಳಗಿಳಿದಿತ್ತು. ವಾರವಿಡೀ "ಏ ಹಮಾಲ್" ಅನ್ನಿಸಿಕೊಳ್ಳುವವನನ್ನು ಆ ಹಾಲಿನ ಕತ್ತಲೆಯಲ್ಲಿ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮಾನಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು? ಅವನ ದಣಿವು ಇಳಿಯಬೇಕಾದರೆ ಒಬ್ಬ ಹೆಂಗಸು ಮತ್ತೆ ಮತ್ತೆ ಚೀರಬೇಕೇ? ಇವಳ ದಣಿವು ಇಳಿಸಲು ಯಾರು ಚೀರುತ್ತಾರೆ?

ಅವರ ಮಗಳು ಕಾಂಚನಾ. ಇಲ್ಲೇ ಹುಟ್ಟಿದವಳು, ಮರಾಠಿ ಶಾಲೆಯಲ್ಲಿ ಎಂಟನೆಯ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವಳು. ಒಂದು ದಿನ ಸಂಡಾಸಿಗೆ ಹೊರಟವಳು ಡಬ್ಬಿಯ ನೀರು ಹಾಗೇ ಇಟ್ಟುಕೊಂಡು ವಾಪಸು ಬಂದಳು. ಏನಾಯಿತೆಂದು ಹೇಳಲಿಲ್ಲ. ಸಾಬವ್ವ ಕಂಡಿದ್ದಳು, ಅವಳು ಹೇಳಿದಳು. ಬಾಗಿಲಲ್ಲಿ ನಿಂತ ಗಂಡಸರಲ್ಲಿ ಯಾರೋ ಒಬ್ಬ ಹೆಣ್ಣುದನಿ ಮಾಡಿ, "ಬಿಡೋ, ಬಿಡೋ ನನ್ನ" ಎಂದಿದ್ದ. ಉಳಿದವರು ನಕ್ಕಿದ್ದರು. ಮರುದಿನವೂ ಅದೇ ಆಯಿತು. ಆಮೇಲೆ ಅದು ಆ ದಾರಿಯ ಪದ್ಧತಿಯೇ ಆಗಿಹೋಯಿತು. ಯಾವ ಹುಡುಗಿ ಹಾದುಹೋದರೂ ಯಾರಾದರೂ ಒಬ್ಬ ಚೀರಬೇಕು, ಹತ್ತು ಜನ ನಗಬೇಕು.

ಕಾಂಚನಾ ನೀರು ಕುಡಿಯುವುದನ್ನು ಬಿಟ್ಟಳು. ನಸುಕಿನಲ್ಲಿ ತಾಯಿಯ ಜೊತೆ ಒಮ್ಮೆ ಹೋಗಿಬಂದರೆ ಮತ್ತೆ ಮರುದಿನ ನಸುಕಿಗೇ. ಚಹಾ ಬೇಡ, ಸಾರು ಬೇಡ. ಒಣರೊಟ್ಟಿ ಕಡಿಯುವಳು. ಶಾಲೆಯ ದಾರಿಯೂ ಅದೇ ಆದದ್ದರಿಂದ ಶಾಲೆಯನ್ನೂ ಬಿಟ್ಟಳು. ತುಟಿ ಒಡೆದವು. ಜ್ವರ ಬಂತು. ಕಿಬ್ಬೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವಳು. ಕೂತರೆ ಉರಿ ತಾಳಲಾರದೆ ಓಢಣಿಯನ್ನು ಬಾಯಿಗೆ ತುರುಕಿಕೊಂಡು ಅಳುವಳು.

ಮಾನಮ್ಮ ಕೆಲಸ ಬಿಟ್ಟು ಅವಳನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಗುಳಿಗೆ ಕೊಟ್ಟು, ದಿನವೂ ತುಂಬ ನೀರು ಕುಡಿಯಬೇಕು, ತಡೆದು ಹಿಡಿಯಬಾರದು ಎಂದು ಮರಾಠಿಯಲ್ಲಿ ಹೇಳಿದಳು. ಒಳ್ಳೆಯ ಮಾತು. ಕುಡಿದ ಮೇಲೆ ಹೋಗುವುದೆಲ್ಲಿಗೆ ತಾಯಿ ಎಂದು ಮಾನಮ್ಮ ಕೇಳಲಿಲ್ಲ. ಹಿಂದೆ ಸಾಲು ಉದ್ದವಿತ್ತು.

ಮನೆಗೆ ಬಂದು ಮಗಳ ಮುಂದೆ ತಂಬಿಗೆ ಇಟ್ಟಳು.

"ಕುಡಿ."

"ನಹೀ ಚಾಹಿಯೆ."

"ನಾ ಬರ್ತೀನಿ ನಿನ್ನ ಸಂಗಟ."

"ತೂ ಕಾಮ್ ಪೆ ಜಾತೀ ಹೈ. ದಿನ್ ಭರ್ ಕೌನ್ ಆಯೇಗಾ?"

ತಾನು ಕೆಲಸಕ್ಕೆ ಹೋದ ಮೇಲೆ ದಿನವಿಡೀ ಇವಳ ಜೊತೆ ಯಾರು ಹೋಗುತ್ತಾರೆ? ಮಾನಮ್ಮ ಎದ್ದು ಮೋಹನದಾಸರ ಹೋಟೆಲಿಗೆ ಹೋದಳು. ಮುಂದಿನಿಂದ ಹೋಗಲಿಲ್ಲ, ಹಿಂಬಾಗಿಲಲ್ಲಿ ನಿಂತಳು. ಸಿಮೆಂಟು ಮೆತ್ತಿದ ಹೆಂಗಸರು ನಿಲ್ಲುವ ಜಾಗ ಅದು.

"ಆ ಟೀಚರಮ್ಮನ ಪಿಚ್ಚರ್ ಬಂದ್ ಮಾಡ್ರಿ ಅಣ್ಣಾ."

"ಅದು ಎಂತ ಮಾಡಿತು ನಿಮಗೆ? ಒಳ್ಳೆ ಪಿಕ್ಚರ್ ಮಾರಾಯ್ರೆ. ಹೆಂಗಸರ ಪರವಾಗಿಯೇ ತೆಗೆದದ್ದು. ಕಡೆಗೆ ಅವಳೇ ಗೆಲ್ಲುವುದು. ನಾವು ಮನೆಯವರೆಲ್ಲ ಒಟ್ಟಿಗೆ ಕೂತು ಟಿ.ವಿ.ಯಲ್ಲಿ ನೋಡಿದ್ದೇವೆ."

"ನನ್ನ ಮಗಳು ನೀರು ಕುಡಿಯೂದು ಬಿಟ್ಟಾಳ್ರಿ."

ಮೋಹನದಾಸರಿಗೆ ತಲೆಬುಡ ತಿಳಿಯಲಿಲ್ಲ. ಮಾನಮ್ಮ ಎಲ್ಲವನ್ನೂ ಬಿಡಿಸಿ ಹೇಳಿದಳು. ದಾರಿ, ಚೀರಾಟ, ಜ್ವರ, ಉರಿ. ಹೇಳುವಾಗ ನಾಚಿಕೆಯಾಯಿತು. ನಾಚಬೇಕಾದವರು ಒಳಗೆ ಬೆಂಚಿನ ಮೇಲೆ ಕೂತಿದ್ದರು, ನಾಚಿಕೆ ಮಾತ್ರ ಇವಳ ಪಾಲಿಗೆ ಬಂದಿತ್ತು.

"ಹೊರಗೆ ಯಾರೋ ಎಂತದೋ ಹೇಳಿದ್ರೆ ನಾನು ಎಂತ ಮಾಡ್ಲಿಕ್ಕೆ ಆಗ್ತದೆ? ನಿಮ್ಮ ಗಂಡಂದಿರೇ ಅಲ್ವಾ ಅವರು?" ಎಂದರು ಮೋಹನದಾಸ. ಅವಳು ಕದಲಲಿಲ್ಲ. ಕಡೆಗೆ ಅವರಿಗೇ ಒಂದು ಉಪಾಯ ಹೊಳೆಯಿತು. "ಒಂದು ಕೆಲಸ ಮಾಡುವ. ಸಂಕ್ರಾಂತಿಗೆ ಇಲ್ಲಿಯವರು ಹಳದಿ-ಕುಂಕು ಮಾಡ್ತಾರಲ್ಲ, ನಿಮಗೂ ಮಾಡುವ. ನನ್ನ ಹೆಂಡತಿ ಬರ್ತಾಳೆ. ಲೇಡೀಸ್ ಶೋ. ಅದೇ ಪಿಕ್ಚರ್ ತೋರಿಸ್ತೇನೆ. ನೋಡಿ ನೀವೇ ಹೇಳಿ, ಕೆಟ್ಟದ್ದು ಎಂತ ಉಂಟು ಅಂತ. ಇದ್ರೆ ಬೇಡ, ಬಂದ್ ಮಾಡ್ತೇನೆ. ಆಯ್ತಾ?"

ಮಾನಮ್ಮನಿಗೆ ಒಂದೇ ಮಾತು ಕಿವಿಯಲ್ಲಿ ಉಳಿಯಿತು. ಮನೆಗೆ ಬಂದು ಮಗಳಿಗೆ ಹೇಳಿದಳು. "ಆಕಿ ಗೆಲ್ತಾಳಂತ."

ಕಾಂಚನಾ ಗೋಡೆಯ ಕಡೆಯಿಂದ ಹೊರಳಿದಳು. "ಸಚ್?"

"ಅಣ್ಣಾರು ನೋಡ್ಯಾರಂತ. ನಾವೂ ನೋಡ್ಲಾಕ ಹೋಗೂಣು."

ಸಂಕ್ರಾಂತಿಯಾದ ಭಾನುವಾರ ಮಧ್ಯಾಹ್ನ ಗುಡ್ಡದ ಹೆಂಗಸರು ತಲೆಗೆ ಎರೆದುಕೊಂಡು ಪೆಟ್ಟಿಗೆಯ ಸೀರೆ ಉಟ್ಟು ಬಂದರು. "ಮುಂದಿನ ಶೋ ನಮ್ದು, ಲಗೂ ಮುಗಸ್ರಿ," ಎಂದು ಗಂಡಸರು ಚೇಷ್ಟೆ ಮಾಡಿದರು. ಹಾಲಿನಲ್ಲಿ ಬೀಡಿ, ಬೆವರು, ಉಚ್ಚೆ ಎಲ್ಲ ಸೇರಿದ ವಾಸನೆ. ಬೆಂಚುಗಳನ್ನು ಸೆರಗಿನಿಂದ ಒರೆಸಿದರು. ಒರೆಸಿಯೂ ಅರ್ಧ ಜನ ನೆಲದ ಮೇಲೇ ಕೂತರು. ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತು ಅಭ್ಯಾಸವಿರಲಿಲ್ಲ.

ಮೋಹನದಾಸರ ಹೆಂಡತಿ ಸ್ವರ್ಣಲತಾ ಐರೋಲಿ ಸೆಕ್ಟರಿನ ಫ್ಲ್ಯಾಟಿನಿಂದ ರಿಕ್ಷಾದಲ್ಲಿ ಬಂದರು. ಎಲ್ಲರ ಹಣೆಗೆ ಅರಿಸಿನ ಕುಂಕುಮ ಹಚ್ಚುತ್ತ ಬಂದವರು ಸಾಬವ್ವನ ಬರಿ ಹಣೆಯ ಮುಂದೆ ತಡೆದರು. ಕುಂಕುಮದ ಬೆರಳು ಹಿಂದೆ ಹೋಯಿತು. ಎಳ್ಳುಂಡೆ ಮಾತ್ರ ಕೊಟ್ಟರು.

"ಪಿಚ್ಚರ್ ಆದ್ರೂ ನೋಡ್ಬಹುದಲ್ರೀ ನಾನು?" ಎಂದಳು ಸಾಬವ್ವ.

ಸ್ವರ್ಣಲತಾ ಮುಖ ಕೆಂಪಗೆ ಮಾಡಿಕೊಂಡು ಮಾನಮ್ಮನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ತಾವಾಗಿಯೇ ಹೇಳಿದರು. "ನಾನು ಸಹ ಇದನ್ನು ಪೂರ್ತಿ ನೋಡಿದ್ದಿಲ್ಲ."

"ಎಲ್ಲಾರೂ ಕೂಡಿ ನೋಡೀವಿ ಅಂದ್ರು ಅಣ್ಣಾರು?"

"ಕೂತದ್ದು ಹೌದು. ಅಂಥ ಸೀನ್ ಬರುವಾಗ ಇವರು ಒಂದು ಚೊಂಬು ನೀರು ತಾ ಅಂತ ಹೇಳ್ತಾರೆ. ನಾನು ತರುವಷ್ಟರಲ್ಲಿ ಚಾನೆಲ್ ಬದಲಾಗಿರ್ತದೆ. ಅವರು ನೋಡಿ ಮುಗಿಸಿದ್ದೋ, ಬದಲಿಸಿದ್ದೋ, ಯಾರಿಗೆ ಗೊತ್ತು? ಈಗ ಮಾಲಿನ ಥಿಯೇಟರಿಗೆ ಹೋದ್ರೂ ಹಾಗೇ. ಪಾಪ್‌ಕಾರ್ನ್ ತರ್ಲಿಕ್ಕೆ ಏಳುವುದು ನಾನೇ."

ಬೂಬ ದೀಪ ಆರಿಸಿ ಮೊದಲ ಡಿಸ್ಕ್ ಹಾಕಿದ.

ಖೋಲಿಯಲ್ಲಿ ಕೂತು ಕೇಳಿದ್ದ ದನಿಗಳಿಗೆಲ್ಲ ಈಗ ಮುಖ ಬಂತು. ಟೀಚರಮ್ಮ ಎತ್ತರದವಳು, ಬೆಳ್ಳಗಿನವಳು ಎಂದುಕೊಂಡಿದ್ದಳು ಮಾನಮ್ಮ. ನೋಡಿದರೆ ಗಿಡ್ಡ ಹೆಂಗಸು, ಬಡಕಲು, ಕಂಕುಳಲ್ಲಿ ಹರಿದ ರವಿಕೆ. ಹೀರೊ ಅವಳ ಹಿಂದೆ ಹಿಂದೆ ಹಾಡುತ್ತ ಬರುವಾಗ ಗಂಡಸರ ಶೋಗಳಲ್ಲಿ ಚಪ್ಪಾಳೆ ಬೀಳುತ್ತಿತ್ತು. ಹೆಂಗಸರು, "ಮತ್ತ ಬಂದ ನೋಡು ಮೂಳ, ಆಕೀಗಿ ನೀರು ತರ್ಲಾಕೂ ಬಿಡವಲ್ಲ," ಎಂದು ಗೊಣಗಿದರು. ಗಂಡಸರು ನಕ್ಕಲ್ಲಿ ಇವರಿಗೆ ನಗು ಬರಲಿಲ್ಲ. ಗಂಡಸರು ಎಂದೂ ನಗದಿದ್ದಲ್ಲಿ, ಗೌಡತಿ ಸೊಸೆಗೆ ಉಪ್ಪಿನಕಾಯಿ ಬಡಿಸದೆ ಭರಣಿ ಬಚ್ಚಿಡುವಲ್ಲಿ, ಹಾಲಿನ ತಗಡು ಹಾರಿಹೋಗುವಷ್ಟು ನಕ್ಕರು.

ಒಂದು ಕಡೆ ಟೀಚರಮ್ಮ ಸಂಜೆ ಹೊತ್ತು ಹೊಸ್ತಿಲ ಮೇಲೆ ಒಬ್ಬಳೇ ಕೂತು ಕೂದಲು ಬಿಚ್ಚಿ ಬಾಚಿಕೊಳ್ಳುತ್ತಾಳೆ. ಮಾತಿಲ್ಲ, ಹಾಡಿಲ್ಲ. ಬಹಳ ಹೊತ್ತು ಹಾಗೇ ಬಾಚುತ್ತಾಳೆ. ಪಿಚ್ಚರ್‌ನಲ್ಲಿ ಸದ್ದಿಲ್ಲದ ಭಾಗವೂ ಇರುತ್ತದೆಂದು ಮಾನಮ್ಮನಿಗೆ ಗೊತ್ತೇ ಇರಲಿಲ್ಲ. ಅದು ತಗಡು ದಾಟಿ ಬಂದಿರಲಿಲ್ಲ. ಅವಳಿಗೆ ಅಳು ಬಂತು. ಯಾಕೆಂದು ಕೇಳಿದರೆ ಹೇಳಲಾರಳು. ತಾನು ಹಾಗೆ ಸುಮ್ಮನೆ ಕೂತು ತಲೆ ಬಾಚಿಕೊಂಡು ಎಷ್ಟು ವರ್ಷವಾಯಿತೋ.

ಬೂಬ ಎರಡನೆಯ ಡಿಸ್ಕ್ ಹಾಕಿದ. ಗೌಡನ ಮಗ ಶಾಲೆಯ ಬಾಗಿಲು ಹಾಕಿದ.

ಸಿಳ್ಳೆಯಿಲ್ಲದ ಹಾಲಿನಲ್ಲಿ ಆ ಚೀರಾಟ ಬೇರೆಯೇ ಆಗಿ ಕೇಳಿತು. ಕೆಲವರು ತಲೆ ತಗ್ಗಿಸಿದರು. ಒಬ್ಬಳು ಪಕ್ಕದವಳ ಕೈ ಹಿಡಿದುಕೊಂಡಳು. ಸ್ವರ್ಣಲತಾ ಅಭ್ಯಾಸದಂತೆ ಕುರ್ಚಿಯಿಂದ ಅರ್ಧ ಎದ್ದರು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕೂತರು. ಕಾಂಚನಾ ಮಾತ್ರ ರೆಪ್ಪೆ ಬಡಿಯದೆ ನೋಡಿದಳು. ಅವಳಿಗೆ ಮುಂದಿನದು ಬೇಕಿತ್ತು. ಗೆಲ್ಲುತ್ತಾಳೆ ಎಂದಿದ್ದಳು ಅವ್ವ.

ಚಿತ್ರ ಗಡಗಡನೆ ಹಿಂದಕ್ಕೆ ಓಡಿತು. ಬಾಗಿಲು ಮತ್ತೆ ತೆರೆಯಿತು, ಮತ್ತೆ ಮುಚ್ಚಿತು. ಟೀಚರಮ್ಮ ಮತ್ತೆ ಚೀರಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅಷ್ಟರಲ್ಲಿ ಅದು ಮತ್ತೆ ಹಿಂದಕ್ಕೆ ಹೋಯಿತು. ಮೂಲೆಯ ಸ್ಟೂಲಿನ ಮೇಲೆ ಬೂಬ ಗೋಡೆಗೊರಗಿ ತೂಕಡಿಸುತ್ತಿದ್ದ. ಅವನ ಹೆಬ್ಬೆರಳು ತಾನಾಗಿಯೇ ರಿಮೋಟು ಒತ್ತುತ್ತಿತ್ತು.

"ಏ ಬೂಬಾ!" ಮಾನಮ್ಮ ಎದ್ದು ನಿಂತಳು. "ಯಾರು ಕೇಳಿದ್ರು ನಿನಗ ಒನ್ಸ್ ಮೋರ್?"

ಬೂಬ ಬೆಚ್ಚಿಬಿದ್ದ. "ಇಲ್ಲಕ್ಕ... ಕೈ ಹೋಯ್ತು... ಯಾವಾಗಲೂ ಕೇಳ್ತಾರಲ್ಲ, ಹಾಗೆ..."

"ನಾವು ಕೇಳಿಲ್ಲ. ಮುಂದಿಂದು ಹಚ್ಚು."

ಅವನು ಮುಂದಕ್ಕೆ ಬಿಟ್ಟ. ಟೀಚರಮ್ಮನ ಕೈಯಿಂದ ಸೀಮೆಸುಣ್ಣದ ಕಡ್ಡಿ ಬಿದ್ದು ಉರುಳಿತು. ಅಷ್ಟೇ. ಟಿ.ವಿ. ನೀಲಿಯಾಯಿತು. ಬೂಬ ದೀಪ ಹಾಕಿದ.

"ಮುಗೀತು."

"ಹೆಂಗ ಮುಗೀತು? ಗೆಲ್ತಾಳ ಅಂದ್ರಲ್ಲ?"

"ಅದು ಮೂರನೇ ಡಿಸ್ಕಲ್ಲಿ ಉಂಟು."

"ಹಚ್ಚು ಮತ್ತ."

ಬೂಬ ತಲೆ ಕೆರೆದುಕೊಂಡ. "ಅದನ್ನು ಯಾರೂ ನೋಡುದಿಲ್ಲ ಅಕ್ಕ. ಈ ಸೀನ್ ಆದ ಕೂಡ್ಲೇ ಎಲ್ಲ ಎದ್ದು ಹೋಗ್ತಾರೆ. ಕೋರ್ಟು, ಸಾಕ್ಷಿ, ಬೋರ್ ಹೊಡೀತದೆ ಅಂತ. ಹಾಕುದೇ ಬಿಟ್ಟಿದ್ದೇನೆ."

"ಎಲ್ಲಿ ಅದ ಅದು?"

ಬೂಬ ಎದ್ದು ಹೋಟೆಲಿನ ಹಿಂಬಾಗಿಲ ಕಡೆ ನಡೆದ. ಮಾನಮ್ಮ ಬಾಗಿಲಿಗೆ ಬಂದು ನೋಡಿದಳು. ಹಪ್ಪಳ ಒಣಗಿಸಿದ್ದರು. ಮೇಲೆ ತಂತಿಗೆ ದಾರ ಕಟ್ಟಿ ಮೂರನೆಯ ಡಿಸ್ಕ್ ತೂಗುಬಿಟ್ಟಿದ್ದರು. ಬಿಸಿಲಿಗೆ ಮಿಂಚುತ್ತ ತಿರುಗಿ ಕಾಗೆ ಓಡಿಸುತ್ತಿತ್ತು. ಟೀಚರಮ್ಮನ ಗೆಲುವಿಗೆ ಇವರು ಹುಡುಕಿಕೊಟ್ಟ ಕೆಲಸ ಅದು.

ಬೂಬ ಅದನ್ನು ಬಿಚ್ಚಿ, ಲುಂಗಿಯಲ್ಲಿ ಒರೆಸಿ, ಪ್ಲೇಯರಿಗೆ ಹಾಕಿದ. ಬರಲಿಲ್ಲ. ತೆಗೆದು ಒರೆಸಿದ, ಊದಿದ, ಮತ್ತೆ ಹಾಕಿದ. ಒಮ್ಮೆ ಮಾತ್ರ ಟೀಚರಮ್ಮನ ಮುಖ ಬಂತು. ಎಲ್ಲಿಯೋ ನಿಂತಿದ್ದಳು, ಎದುರಿಗೆ ಜನವಿತ್ತು, ಏನೋ ಹೇಳಲು ಬಾಯಿ ತೆರೆದಿದ್ದಳು. ಅಲ್ಲೇ ನಿಂತಿತು. ಮುಖ ಚೌಕ ಚೌಕವಾಗಿ ಒಡೆದು ಹೋಯಿತು. ಮತ್ತೆ ನೀಲಿ.

ಸುದ್ದಿ ಕೇಳಿ ಮೋಹನದಾಸ ಬಂದರು. "ಹಾಳಾದ ಡಿಸ್ಕಿಗೆ ಎಂತ ಮಾಡುದು? ಕತೆ ನಾನು ಹೇಳ್ತೇನೆ ಕೇಳಿ. ಅವಳು ಕೋರ್ಟಿಗೆ ಹೋಗ್ತಾಳೆ. ಹೋಗಿ..." ನಿಲ್ಲಿಸಿದರು. ಹುಬ್ಬು ಗಂಟಿಕ್ಕಿದರು. "ಗೆಲ್ತಾಳೆ ಮಾರಾಯ್ರೆ. ಹೇಗೋ ಗೆಲ್ತಾಳೆ."

"ಹೆಂಗ?" ಎಂದಳು ಮಾನಮ್ಮ.

"ಅದೆಲ್ಲ ಯಾರಿಗೆ ನೆನಪಿರ್ತದೆ?"

"ನಿಮಗೂ ಗೊತ್ತಿಲ್ವಾ?" ಎಂದರು ಸ್ವರ್ಣಲತಾ. ಮೆಲ್ಲಗೇ ಕೇಳಿದರು. ಆದರೂ ಎಲ್ಲರಿಗೂ ಕೇಳಿಸಿತು.

ಮೋಹನದಾಸರು ಗಡಿಯಾರ ನೋಡಿಕೊಂಡರು. "ಏಳಿ ಏಳಿ, ಹೊರಗೆ ಜನ ಕಾಯ್ತಾ ಇದ್ದಾರೆ. ಶೋ ಉಂಟು."

"ಯಾವ ಶೋ?"

"ಇದೇ."

ಮಾನಮ್ಮ ಕೂತಳು. ಅವಳ ಕಾಲು ನೋಯುತ್ತಿದ್ದವು. ಬೆನ್ನು ನೋಯುತ್ತಿತ್ತು. ಏಳಲು ಮನಸ್ಸೇ ಬರಲಿಲ್ಲ. ಅದು ಧೈರ್ಯವೋ ದಣಿವೋ ಅವಳಿಗೂ ತಿಳಿಯಲಿಲ್ಲ. "ನಮ್ದು ಇನ್ನಾ ಮುಗಿದಿಲ್ಲ," ಎಂದಳು. "ಹಚ್ಚಿದ್ರ ಪೂರಾ ಹಚ್ಚಬೇಕು. ಮೂರನೇದು ಎಲ್ಲಿಂದರ ತಂದು ಹಚ್ರಿ. ಅಲ್ಲೀತನಕಾ ಈ ಪಿಚ್ಚರ್ ಇಲ್ಲಿ ಹಚ್ಚಬ್ಯಾಡ್ರಿ. ಹಚ್ಲಾಕ ನಾವು ಬಿಡಾಂಗಿಲ್ಲ."

"ಕೆಟ್ಟದ್ದಿದ್ರ ಬಂದ್ ಮಾಡ್ತೀನಿ ಅಂದಿದ್ರಿ," ಎಂದಳು ಸಾಬವ್ವ. "ಅರ್ಧ ತೋರ್ಸೂದೇ ಕೆಟ್ಟದ್ದು."

ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ಈ ಸಲ ಬೆಂಚಿನ ಮೇಲೆ ಕೂತರು. ಮೋಹನದಾಸರು ಹೆಂಡತಿಯ ಕಡೆ ನೋಡಿ, "ನೀನು ಬಾ," ಎಂದರು. ಸ್ವರ್ಣಲತಾ ಏಳಲಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕೈ ಹಿಡಿದುಕೊಂಡು ನೀಲಿ ಟಿ.ವಿ. ನೋಡುತ್ತ ಕೂತರು.

ಹೊರಗೆ ತಗಡು ಬಡಿಯತೊಡಗಿದರು. "ಏಳ್ರೇ, ಟೈಮಾತು!" ಚಂದ್ರಾಮನ ದನಿಯೂ ಕೇಳಿತು. "ಮಾನೀ, ಮರ್ಯಾದಿ ತಗೀಬ್ಯಾಡ. ಹೊರಗ ಬಾ." ಮಾನಮ್ಮ ಕೂತಲ್ಲೇ ಕೂತಳು. ಇಷ್ಟು ವರ್ಷ ಆ ತಗಡಿನ ಸದ್ದನ್ನು ಅವಳು ಆ ಕಡೆಯಿಂದ ಕೇಳಿದ್ದಳು. ಈ ಕಡೆಯಿಂದ ಅದು ಅಷ್ಟೇನೂ ದೊಡ್ಡದಲ್ಲ.

ಬಿಸಿಲು ಇಳಿಯಿತು. ಬಾಗಿಲಲ್ಲಿ ಗಂಡಸರ ಗುಂಪು ಬೆಳೆಯಿತು. ಆಗ ಕಾಂಚನಾ ಎದ್ದಳು. "ಅವ್ವಾ, ಜಾನಾ ಹೈ."

ಮಾನಮ್ಮ ಬಾಗಿಲ ಕಡೆ ನೋಡಿದಳು. ಬೆಳಗ್ಗೆ ಗುಳಿಗೆಯ ಜೊತೆ ತಾನೇ ಒತ್ತಾಯ ಮಾಡಿ ನೀರು ಕುಡಿಸಿದ್ದಳು. ಈಗ ತಾನು ಎದ್ದರೆ ಎಲ್ಲರೂ ಏಳುತ್ತಾರೆ. ಎದ್ದರೆ ಹಾಲು ಗಂಡಸರ ಪಾಲಾಯಿತು. ಮಗಳನ್ನು ಒಬ್ಬಳೇ ಬಿಟ್ಟರೆ ಆ ಗುಂಪು. ಯಾವ ತಾಯಿಗೂ ಇಂಥ ಲೆಕ್ಕ ಬರಬಾರದು.

"ಕುಂಡ್ರು ನೀ, ನಾ ಹೋಗ್ತೀನಿ ಆಕಿ ಸಂಗಟ," ಎಂದಳು ಸಾಬವ್ವ.

"ಕೋಯೀ ಮತ್ ಆವೊ," ಎಂದಳು ಕಾಂಚನಾ. ಡಬ್ಬಿ ಇರಲಿಲ್ಲ. ಹಾಗೇ ಒಬ್ಬಳೇ ಹೊರಗೆ ಹೋದಳು.

ಗುಂಪು ಅವಳ ಕಡೆ ತಿರುಗಿತು. ಆಮೇಲೆ ಹಿಂದಿನಿಂದ ಯಾರೋ ಹೆಣ್ಣುದನಿ ಮಾಡಿದ. "ಬಿಡೋ, ಬಿಡೋ ನನ್ನ!" ಕೆಲವರು ನಕ್ಕರು. ಕಾಂಚನಾ ನಿಂತಳು. ಚೀರಿದವನು ಯಾರೆಂದು ಹುಡುಕಲಿಲ್ಲ. ಎದುರಿಗೇ ಅವಳ ಅಪ್ಪ ನಿಂತಿದ್ದ. ಅವನನ್ನೇ ನೋಡಿದಳು. ಕನ್ನಡದಲ್ಲಿ ಕೇಳಿದಳು, ತಡೆತಡೆದು.

"ಅಪ್ಪಾ, ಮುಂದ ಏನಾತು?"

"ಏನ್ ಏನಾತು?"

"ಆ ಟೀಚರ್. ಚೀರಿದ ಮ್ಯಾಲೆ ಏನ್ ಮಾಡ್ತಾಳ? ನೀ ಪ್ರತಿ ಸಂಡೇ ನೋಡ್ತಿ. ಹೇಳು."

ಚಂದ್ರಾಮ ಬಾಯಿ ತೆರೆದ. ಅವನಿಗೆ ಗೊತ್ತಿರಲಿಲ್ಲ. ಪಕ್ಕದವನ ಮುಖ ನೋಡಿದ. ಪಕ್ಕದವನು ಬೀಡಿ ನೋಡಿಕೊಂಡ. ಅಷ್ಟು ಜನ ನಿಂತಿದ್ದರು, ಅಷ್ಟೂ ಜನ ಆ ಪಿಚ್ಚರನ್ನು ಸಾಕೆನಿಸುವಷ್ಟು ಸಲ ನೋಡಿದವರು. ಒಬ್ಬನಿಗೂ ಗೊತ್ತಿರಲಿಲ್ಲ. ನಗು ಅಲ್ಲಿಗೇ ನಿಂತಿತು.

"ಗೊತ್ತಿಲ್ಲ," ಎಂದ ಚಂದ್ರಾಮ.

ಯಾರೂ ದಾರಿ ಬಿಡಲಿಲ್ಲ. ಕಾಂಚನಾ ಗಟಾರದ ಅಂಚು ಹಿಡಿದು ಸುತ್ತುಹಾಕಿ ಹೋದಳು. ಒಳಗೆ ಅರಿವಿಲ್ಲದೆಯೇ ಎದ್ದು ನಿಂತಿದ್ದ ಮಾನಮ್ಮ ಮತ್ತೆ ಕೂತಳು. ಬಾಗಿಲಿಂದ ಕಣ್ಣು ತೆಗೆಯಲಿಲ್ಲ. ಮಗಳು ಅದೇ ಗಟಾರದ ಅಂಚು ಹಿಡಿದು ವಾಪಸು ಬಂದು, ಅಪ್ಪನನ್ನು ದಾಟಿ, ಒಳಗೆ ಬಂದಳು.

"ಅಪ್ಪಗ ಗೊತ್ತಿಲ್ಲಂತ," ಎಂದಳು.

ಮಾನಮ್ಮ ಸರಿದು ಬೆಂಚಿನ ಮೇಲೆ ಅವಳಿಗೆ ಜಾಗ ಮಾಡಿಕೊಟ್ಟಳು.